ಕಳೆದ ಮೂರು ವರ್ಷಗಳಿಂದ ಬಲ್ಲೆ

ಆ ಲಕೋಟೆ ಎಪ್ಪಿಂಗ್‌ನ ನಮ್ಮ ಫ್ಲ್ಯಾಟಿನ ಟಪಾಲು ಡಬ್ಬಿಗೆ ಬಂದದ್ದು ಒಂದು ಶುಕ್ರವಾರ, ಪಿಜ್ಜಾ ಅಂಗಡಿಯ ಎರಡು ಜಾಹೀರಾತುಗಳ ನಡುವೆ ಸಿಕ್ಕಿಕೊಂಡು. ಒಳಗಿನ ಕಾಗದದಲ್ಲಿ ನನ್ನ ಪೂರ್ತಿ ಹೆಸರು, ತಂದೆಯ ಹೆಸರು ಮತ್ತು ಊರಿನ ಹೆಸರಿನ ಸಮೇತ, ಒಂದಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು. ಸಿಡ್ನಿಗೆ ಬಂದ ಮೇಲೆ ನನ್ನ ಹೆಸರನ್ನು ಯಾರೂ ಸರಿಯಾಗಿ ಬರೆದಿರಲಿಲ್ಲ. ಕರೆಂಟಿನ ಕಂಪನಿಯವರು ಅರ್ಧಕ್ಕೇ ಕೈಬಿಟ್ಟಿದ್ದರು. ಹಾಗಾಗಿ ಮೊದಲ ಕ್ಷಣ ನನಗೆ ಸಂತೋಷವೇ ಆಯಿತು. ಎರಡನೆಯ ಪ್ಯಾರಾ ಓದಿದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತುಕೊಂಡೆ.

ಅದು ಸಮನ್ಸು. ಹಿಂದೆ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನಾವಿದ್ದಾಗ ನಾನು ಸಹಿ ಮಾಡಿಕೊಟ್ಟ ಒಂದು ಪ್ರಮಾಣಪತ್ರದಲ್ಲಿ, ಸುಳ್ಳೆಂದು ತಿಳಿದೂ ಸುಳ್ಳು ಹೇಳಿಕೆ ಕೊಟ್ಟಿದ್ದೇನೆಂದು ಆಪಾದನೆ. ಮೆಲ್ಬರ್ನಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಬೇಕು. ರಾಜ್ಯದ ಕಾನೂನಲ್ಲ, ದೇಶದ ಕಾನೂನು. ಜೈಲು ಎಂಬ ಪದವೂ ಒಂದು ಮೂಲೆಯಲ್ಲಿ ಸಭ್ಯವಾಗಿ ಕುಳಿತಿತ್ತು.

ಎದುರು ಪಾರ್ಟಿ ಯಾರೆಂದು ನೋಡಿದೆ. ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯಾ. ನಮ್ಮ ವಂಶದಲ್ಲಿ ಕೋರ್ಟು ಕಂಡವರೇ ಇಲ್ಲವೆಂದಲ್ಲ. ನಮ್ಮ ತಾತ ಪಕ್ಕದ ಹೊಲದವರ ಮೇಲೆ ಒಂದು ಬದುವಿನ ವಿಷಯಕ್ಕೆ ಹನ್ನೊಂದು ವರ್ಷ ಹೋರಾಡಿ ಅರ್ಧ ಮೊಳ ಗೆದ್ದಿದ್ದರು. ಆದರೆ ಒಂದು ಇಡೀ ಖಂಡ, ತನ್ನ ಮರುಭೂಮಿ, ಕಡಲತೀರ, ಕಾಂಗರೂಗಳ ಸಮೇತ, ನಮ್ಮ ಮನೆತನದ ಎದುರು ಬಂದು ನಿಂತದ್ದು ನನ್ನ ಕಾಲಕ್ಕೇ.

"ಏನ್ರೀ ಅದು?" ಎಂದಳು ಹೆಂಡತಿ.

"ಗೌರ್ಮೆಂಟಿನವರು ಏನೋ ಕೇಳಿದಾರೆ."

ಅವಳು ಕಾಗದ ಇಸಿದುಕೊಂಡು ನಿಂತಲ್ಲೇ ಕೊನೆಯವರೆಗೂ ಓದಿದಳು. "ಕೇಳಿಲ್ಲ ರೀ, ಹೇಳಿದಾರೆ," ಎಂದಳು. ಕಾಗದ ಮಡಿಸುತ್ತ, "ಸ್ಕೂಲಿನ ಗತಿ?"

ಪ್ರಶ್ನೆ ಅದೊಂದೇ ಇತ್ತು. ತುಮಕೂರಿನ ಕಾಲೇಜಿನಲ್ಲಿ ಹದಿನೆಂಟು ವರ್ಷ ಗಣಿತ ಹೇಳಿಕೊಟ್ಟು ಬಂದ ನನಗೆ ಈ ದೇಶದಲ್ಲಿ ಮತ್ತೆ ಬೋರ್ಡಿನ ಮುಂದೆ ನಿಲ್ಲಲು ಎರಡು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಅಲ್ಲಿಯವರೆಗೆ ಮೆಲ್ಬರ್ನಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಆಮೇಲೆ ಸಿಡ್ನಿಯ ಒಂದು ಹೈಸ್ಕೂಲು ಕರೆಯಿತು, ಬಂದೆವು. ಸುಳ್ಳು ಹೇಳಿದ ಅಪರಾಧಿ ಎಂದು ಒಮ್ಮೆ ದಾಖಲಾದರೆ ಶಿಕ್ಷಕರ ನೋಂದಣಿ ಹೋಗುತ್ತದೆ. ನೋಂದಣಿ ಹೋದರೆ ಮತ್ತೆ ಅದೇ ಪೆಟ್ಟಿಗೆ, ಅದೇ ಚೀಟಿ.

ಮಾಡಿದ್ದೇನೆಂದು ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ನಡತೆ ಪ್ರಮಾಣಪತ್ರ ಬರೆದುಕೊಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಒಂದೇ ಒಕ್ಕಣೆ: "ಇವರನ್ನು ಕಳೆದ ಮೂರು ವರ್ಷಗಳಿಂದ ಬಲ್ಲೆ. ಇವರ ನಡತೆ ಉತ್ತಮವಾಗಿದೆ." ಡಿಗ್ರಿ ಮೂರು ವರ್ಷದ್ದಾದ್ದರಿಂದ ಮೂರು ಎಂದು ಶುರುವಾಗಿರಬೇಕು. ಆಮೇಲೆ ಬ್ಯಾಂಕಿಗೆ ಅರ್ಜಿ ಹಾಕುವವರು, ಬಾಡಿಗೆ ಮನೆ ಹುಡುಕುವವರು, ಪಾಸ್‌ಪೋರ್ಟ್ ಮಾಡಿಸುವವರು, ಎಲ್ಲರೂ ಬಂದರು. ಕ್ಯಾಂಟೀನಿಗೆ ಅವತ್ತೇ ಬೆಳಿಗ್ಗೆ ಸೇರಿದ ಅಡುಗೆಯವನನ್ನೂ ನಾನು ಕಳೆದ ಮೂರು ವರ್ಷಗಳಿಂದ ಬಲ್ಲೆ. ಆಗುವುದಿಲ್ಲ ಎಂದರೆ ನಿನ್ನ ನಡತೆ ಸರಿಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಅಷ್ಟು ದೊಡ್ಡ ಆಪಾದನೆ ಹೊರಿಸುವುದಕ್ಕಿಂತ ಸಹಿ ಹಾಕುವುದು ಸುಲಭ.

ಪಾಯಿಂಟ್ ಕುಕ್‌ನಲ್ಲಿ ಹಾಸನದ ಕಡೆಯ ಒಬ್ಬ ತರುಣ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳಿಗೆ ಇಲ್ಲೇ ಕಾಯಂ ನೆಲೆಸುವ ಪಿಆರ್ ವೀಸಾ ಇತ್ತು, ಅವನಿಗೆ ಆಗಬೇಕಿತ್ತು. ಇಬ್ಬರೂ ನಿಜವಾಗಿ ಸಂಸಾರ ಮಾಡುತ್ತಿದ್ದಾರೆಂದು ಬಲ್ಲವರೊಬ್ಬರು ಪ್ರಮಾಣ ಮಾಡಬೇಕು. ಅವನ ಸೋದರಮಾವ ನಮ್ಮ ಕಾಲೇಜಿನ ಕೆಮಿಸ್ಟ್ರಿಯವರು. ಅಂದ ಮೇಲೆ ಇನ್ನೇನು ವಿಚಾರಣೆ? ಎಷ್ಟು ಕಾಲದ ಪರಿಚಯ ಎಂಬ ಜಾಗದಲ್ಲಿ ನನ್ನ ಕೈ ತಾನಾಗಿ "ಮೂರು ವರ್ಷ" ಎಂದು ಬರೆಯಿತು. ಎಷ್ಟು ಸಲ ಭೇಟಿ ಎಂಬಲ್ಲಿ, ಅನ್ನ ಹಾಕಿದ ಮನೆಯ ವಿಷಯದಲ್ಲಿ ಜಿಪುಣತನ ಬೇಡವೆಂದು, "ವಾರಕ್ಕೊಮ್ಮೆ ಅವರ ಮನೆಯಲ್ಲಿ ಊಟ" ಎಂದು ಬರೆದೆ. ಅವರ ಮನೆಯಲ್ಲಿ ನಾನು ಉಂಡದ್ದು ಎರಡು ಸಲ. ಅವರ ಪರಿಚಯವಾಗಿ ಏಳು ತಿಂಗಳಾಗಿತ್ತು.

ಅವರ ಮದುವೆಯೇನೋ ಅಸಲಿ. ಇವತ್ತಿಗೂ ಜಗಳವಾಡಿಕೊಂಡು ಚೆನ್ನಾಗಿದ್ದಾರೆ. ಆದರೆ ಅವರ ವೀಸಾ ಏಜೆಂಟನ ಮೇಲೆ ಬೇರೆ ಯಾವುದೋ ತನಿಖೆ ಬಂದು, ಅವನ ಬೀರುವಿನ ಫೈಲುಗಳನ್ನೆಲ್ಲ ಬಿಚ್ಚಿದರು. ನಾಲ್ಕರಲ್ಲಿ ನನ್ನ ಸಹಿ ಸಿಕ್ಕಿತು. ಹಾಸನದವನ ಫೈಲಿನಲ್ಲಿ ಒಬ್ಬ ಅಧಿಕಾರಿ ಕೂಡಿ ಕಳೆದು ನೋಡಿದ. ಸಹಿ ಹಾಕಿದ ದಿನಕ್ಕೆ ನಾನು ಈ ದೇಶಕ್ಕೆ ಬಂದಿಳಿದು ಇಪ್ಪತ್ತಾರು ತಿಂಗಳು. ಅಂದರೆ ವಿಮಾನ ಹತ್ತುವುದಕ್ಕೆ ಹತ್ತು ತಿಂಗಳು ಮುಂಚಿನಿಂದಲೇ, ತುಮಕೂರಿನಲ್ಲಿದ್ದುಕೊಂಡು, ನಾನು ವಾರಕ್ಕೊಮ್ಮೆ ಮೆಲ್ಬರ್ನಿನಲ್ಲಿ ಊಟ ಮಾಡುತ್ತಿದ್ದೆ. ಪ್ರಮಾಣ ಮಾಡಿದವನ ವೃತ್ತಿ ಎಂಬ ಜಾಗದಲ್ಲಿ, ನನ್ನದೇ ಕೈಬರಹದಲ್ಲಿ, "ಗಣಿತದ ಅಧ್ಯಾಪಕ" ಎಂದಿತ್ತು.

ವಕೀಲರನ್ನು ಹುಡುಕುವ ಕೆಲಸವನ್ನು ನಾನು ನಮ್ಮವರ ಪದ್ಧತಿಯಂತೆ ಆರಂಭಿಸಿದೆ. ಅಂದರೆ ಯಾರಿಗೆಂದು ಹೇಳದೆ. ಎಪ್ಪಿಂಗ್‌ನಲ್ಲಿ ನಾವೆಲ್ಲ ಅಂಕಲ್ ಎಂದು ಕರೆಯುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರರಿದ್ದರು. ಅವರಲ್ಲಿಗೆ ಹೋಗಿ "ನಮ್ಮ ಪರಿಚಯದವರೊಬ್ಬರಿಗೆ ಲಾಯರ್ ಬೇಕಿತ್ತು" ಎಂದೆ. ಅವರು ತಮ್ಮ ಮನೆ ಕೊಡಿಸಿದ ವಕೀಲರ ನಂಬರು ಕೊಟ್ಟರು. ಆ ವಕೀಲರು ಫೋನಿನಲ್ಲಿ ನನ್ನ ಪರಿಚಯದವರ ಕತೆಯನ್ನು ಪೂರ್ತಿ ಕೇಳಿ, ತಾವು ಮಾರ್ಟ್‌ಗೇಜ್ ಕಾಗದ ಮಾತ್ರ ನೋಡುವುದಾಗಿಯೂ, ಕ್ರಿಮಿನಲ್ ಕೋರ್ಟಿನ ಒಳಗೆ ಈವರೆಗೆ ಕಾಲಿಟ್ಟಿಲ್ಲವೆಂದೂ, ಹಾಗೆಯೇ ಉಳಿಯುವ ಆಸೆಯಿದೆಯೆಂದೂ ತಿಳಿಸಿದರು.

ಆಗ ನೆನಪಾದದ್ದು ಮೆಲ್ಬರ್ನಿನ ವಿಂಡಮ್ ವೇಲ್‌ನ ಗೆಳೆಯ. ಮಂಗಳೂರು ಕಡೆಯ ಕ್ಯಾಥೊಲಿಕ್, ಮನೆಯಲ್ಲಿ ಕೊಂಕಣಿ. ಗೋದಾಮಿನಲ್ಲಿ ನನ್ನ ಜೊತೆ ಚೀಟಿ ಅಂಟಿಸಿದವನು. ಆಮೇಲೆ ಮೆಲ್ಬರ್ನಿನಲ್ಲಿ ಟ್ಯಾಕ್ಸಿ ಓಡಿಸತೊಡಗಿದ್ದ. ಫೋನು ಮಾಡಿದೆ.

"ಪರಿಚಯದವರಿಗಾ ಮಾಸ್ಟ್ರೆ, ನಿಮಗಾ?"

"ನನಗೇ."

"ಹಾಂ, ಹಾಗೆ ಹೇಳಿ. ಡಾಕ್ಟ್ರ ಹತ್ರ ಹೋಗಿ ಪಕ್ಕದ ಮನೆಯವರಿಗೆ ಹೊಟ್ಟೆನೋವು ಅಂದ್ರೆ ಮದ್ದು ಯಾರಿಗೆ ಕೊಡುದು ಮಾರಾಯ್ರೆ?" ಎಂದ. "ಕೋರ್ಟಿನ ಹತ್ರದಿಂದ ದಿನಾ ಲಾಯರ್‌ಗಳು ನನ್ನ ಗಾಡಿ ಹತ್ತುದುಂಟು. ಎಲ್ಲಾ ಫೋನಲ್ಲಿ ಜೋರು ಜೋರು. ಒಬ್ಬರು ಮೇಡಂ ಮಾತ್ರ ಹತ್ತಿದ್ರೆ ಇಳಿಯುವವರೆಗೆ ಓದುದೇ. ಒಂದ್ಸಲ ನಾನು ಅವರ ಮನೆ ದಾಟಿ ಹೋದದ್ದೂ ಗೊತ್ತಾಗ್ಲಿಲ್ಲ ಅವರಿಗೆ."

"ಕೇಸು ಗೆಲ್ತಾರಾ?"

"ಅದು ನನಗೆ ಹೇಗೆ ಗೊತ್ತು? ಓದ್ತಾರೆ ಅಂತ ಗೊತ್ತುಂಟು. ಗೊತ್ತಿದ್ದದ್ದು ಹೇಳಿದೆ."

ಆ ಮೇಡಂ ಬ್ಯಾರಿಸ್ಟರ್. ನೇರವಾಗಿ ಹೋಗಿ ಕಾಣುವ ಹಾಗಿಲ್ಲ. ಮೊದಲು ಸಾಲಿಸಿಟರ್ ಎಂಬವರನ್ನು ಗೊತ್ತುಮಾಡಿಕೊಳ್ಳಬೇಕು, ಅವರು ಕಾಗದ ಸಿದ್ಧಪಡಿಸಿ ಬ್ಯಾರಿಸ್ಟರಿಗೆ ಒಪ್ಪಿಸಬೇಕು. ದೇವಸ್ಥಾನದಲ್ಲಿ ತಟ್ಟೆ ಇಸಿದುಕೊಂಡು ಗೋತ್ರ ನಕ್ಷತ್ರ ಕೇಳುವವರು ಬೇರೆ, ಗರ್ಭಗುಡಿಯೊಳಗೆ ನಿಂತು ಹೇಳುವವರು ಬೇರೆ. ಈ ವ್ಯವಸ್ಥೆ ನನಗೆ ತಕ್ಷಣ ಅರ್ಥವಾಯಿತು. ಫೀಸಿನ ವಿಷಯ ಹೆಂಡತಿಗೆ ಗೊತ್ತು, ಇಲ್ಲಿ ಬೇಡ.

ಮೊದಲ ಭೇಟಿಗೆ ಬೆಳಗಿನ ವಿಮಾನ ಹಿಡಿದು ಮೆಲ್ಬರ್ನಿಗೆ ಹೋದೆ. ಐವತ್ತೈದರ ಆಸುಪಾಸಿನ ಹೆಂಗಸು. ಕಪ್ಪು ಕೋಟು, ಕಾಲಿಗೆ ಓಡುವವರ ಬೂಟು. ನಾನು ಬರೆದುಕೊಟ್ಟಿದ್ದ ನಾಲ್ಕು ಪುಟಗಳ ಅಹವಾಲು ಅವರ ಮುಂದಿತ್ತು. ಅದರಲ್ಲಿ ಒಂದು ಪುಟದಷ್ಟು ಕೆಮಿಸ್ಟ್ರಿಯವರ ಗುಣಗಾನವಿತ್ತು. ಅದನ್ನೂ ಅವರು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದರು. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಒಂದು ಕಾಗದವನ್ನು ಒಬ್ಬರು ಹೀಗೆ ಓದಬಹುದೆಂದು ತಿಳಿದಿರಲಿಲ್ಲ.

"ಮೂರು ವರ್ಷ ಎಂದು ಬರೆಯುವಾಗ ಅದು ನಿಜವಲ್ಲ ಎಂದು ಗೊತ್ತಿತ್ತೆ?" ಎಂದು ಕೇಳಿದರು.

ನಾನು ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ. ಒಬ್ಬನ ಮಾವನನ್ನು ಬಲ್ಲೆವೆಂದರೆ ಅವನನ್ನು ಬಲ್ಲ ಹಾಗೆಯೇ. ಮೂರು ಎಂಬುದು ಅಲ್ಲಿ ಸಂಖ್ಯೆಯಲ್ಲ, ಮರ್ಯಾದೆ. ಹನ್ನೆರಡು ನಿಮಿಷ ಮಾತಾಡಿದೆ. ಅವರು ಒಮ್ಮೆಯೂ ತಡೆಯಲಿಲ್ಲ.

"ಕೇಳಲು ಚೆನ್ನಾಗಿತ್ತು," ಎಂದರು. "ಈಗ ಎರಡನೆಯದು. ವಾರಕ್ಕೊಮ್ಮೆ ಊಟ ಎಂದು ಬರೆಯುವಾಗ, ಎರಡೇ ಸಲ ಉಂಡದ್ದು ಎಂದು ಗೊತ್ತಿತ್ತೆ?"

ಅದಕ್ಕೆ ಪದ್ಧತಿ ಸಿಗಲಿಲ್ಲ. "ಗೊತ್ತಿತ್ತು," ಎಂದೆ.

ಅವರು ಪೆನ್ಸಿಲು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ತಿಳಿಸಿಕೊಟ್ಟರು: ತಪ್ಪನ್ನು ಒಪ್ಪಿಕೊಳ್ಳಬೇಕು. ಇಲ್ಲಿಯ ಕೇಂದ್ರದ ಕಾನೂನಿನಲ್ಲಿ ಒಂದು ದಾರಿಯಿದೆ. ಆಪಾದನೆ ಸಾಬೀತಾಯಿತೆಂದು ಹೇಳಿಯೂ, ಮನುಷ್ಯನ ಗುಣ, ಹಿನ್ನೆಲೆ ನೋಡಿ, ಅಪರಾಧಿ ಎಂದು ದಾಖಲಿಸದೆ ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಬಿಡಲೇಬೇಕೆಂದಿಲ್ಲ. ಆದ್ದರಿಂದ ನನ್ನನ್ನು ಬಲ್ಲವರಿಂದ ಗುಣದ ಬಗ್ಗೆ ಪತ್ರಗಳು ಬೇಕು.

ಪತ್ರಗಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅಲ್ಲಿಯವರೆಗೆ ಅವರದೇ ವಿದ್ಯೆ ನಡೆದಿತ್ತು. ಈಗ ವಿಷಯ ನನ್ನ ವಿದ್ಯೆಯ ಸೀಮೆಗೆ ಬಂದಿತ್ತು.

ಮೂರು ವಾರದಲ್ಲಿ ಸಿಡ್ನಿಯ ಪರಿಚಯದವರಿಂದ ಹನ್ನೊಂದು ಪತ್ರ ಸಂಗ್ರಹಿಸಿದೆ. "ಒಂದು ಸರ್ಕಾರಿ ಕೆಲಸಕ್ಕೆ ಬೇಕಿತ್ತು" ಎಂದರೆ ಸಾಕು, ನಮ್ಮವರು ಬೇರೇನೂ ಕೇಳುವುದಿಲ್ಲ. ಬರೆಯುವ ತೊಂದರೆ ಬೇಡವೆಂದು ಒಕ್ಕಣೆಯನ್ನು ನಾನೇ ಟೈಪು ಮಾಡಿ ಒಯ್ದಿದ್ದೆ. ಅಂಕಲ್ ಟಿವಿಯಿಂದ ಕಣ್ಣು ತೆಗೆಯದೆ ಸಹಿ ಹಾಕಿದರು. ಹನ್ನೊಂದನ್ನೂ ದಾರದಲ್ಲಿ ಪೋಣಿಸಿ ಎರಡನೆಯ ಭೇಟಿಗೆ ತೆಗೆದುಕೊಂಡು ಹೋದೆ.

ಬ್ಯಾರಿಸ್ಟರ್ ಮೊದಲನೆಯದನ್ನು ಓದಿದರು. ಎರಡನೆಯದನ್ನು ಓದಿದರು. ಆಮೇಲೂ ಬಿಡಲಿಲ್ಲ, ಹನ್ನೊಂದನ್ನೂ ಓದಿದರು. ಹನ್ನೊಂದು ಜನರೂ ನನ್ನನ್ನು ಕಳೆದ ಮೂರು ವರ್ಷಗಳಿಂದ ಬಲ್ಲವರಾಗಿದ್ದರು.

"ನೀವು ಸಿಡ್ನಿಗೆ ಬಂದು ಎಷ್ಟು ದಿನವಾಯಿತು?"

ಒಂದು ವರ್ಷ ಎರಡು ತಿಂಗಳು. ಅವರ ಮುಂದಿನ ಕಾಗದದಲ್ಲೇ ಇತ್ತು.

"ಇವರಿಗೆಲ್ಲ ನಿಮ್ಮ ಮೇಲಿರುವ ಆಪಾದನೆ ಏನೆಂದು ಗೊತ್ತೆ?"

"ಇಲ್ಲ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಅಭ್ಯಾಸವಿತ್ತು. ಹನ್ನೊಂದು ಕಾಗದಗಳನ್ನೂ ಅಂಚು ಸರಿಮಾಡಿ, ದಾರ ಕಟ್ಟಿ, ನನ್ನ ಕೈಗೇ ಕೊಟ್ಟು, ಇವನ್ನು ಕೋರ್ಟಿಗೆ ಕೊಟ್ಟರೆ ಒಂದು ಸುಳ್ಳು ಪ್ರಮಾಣದ ಜೊತೆಗೆ ಇನ್ನು ಹನ್ನೊಂದನ್ನು ಇಟ್ಟ ಹಾಗಾಗುತ್ತದೆ, ತಾವು ಕೊಡುವುದಿಲ್ಲ ಎಂದರು. ಮೂರು ಪತ್ರ ಸಾಕು. ಬರೆಯುವವರಿಗೆ ಮೊದಲು ಆಪಾದನೆ ತಿಳಿದಿರಬೇಕು, ತಿಳಿದಿದೆಯೆಂದು ಅವರೇ ಬರೆಯಬೇಕು. ಮಾತು ಅವರದೇ ಇರಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಮತ್ತು ಮೂರರಲ್ಲಿ ಒಂದು ನಮ್ಮ ಶಾಲೆಯ ಹೆಡ್ ಮೇಡಂದಾಗಬೇಕು.

ವಿಮಾನದಲ್ಲಿ ಕುಳಿತು ಸಿಡ್ನಿಯವರೆಗೂ ಆ ಮಾತನ್ನೇ ಯೋಚಿಸಿದೆ. ಯಾರಿಗೂ ಗೊತ್ತಾಗಬಾರದೆಂದು ವಕೀಲರನ್ನು ಹಿಡಿದಿದ್ದೆ. ಅವರು, ಎಲ್ಲರಿಗೂ ನೀನೇ ಹೋಗಿ ಹೇಳು ಎನ್ನುತ್ತಿದ್ದರು. ಇಂಥ ವಿಚಿತ್ರ ರಕ್ಷಣೆಯನ್ನು ನಾನು ಕೇಳಿಯೇ ಇರಲಿಲ್ಲ. ಆದರೂ ಅವರ ಮುಖ ನೆನೆದಾಗ, ಇಲ್ಲ ಎನ್ನುವ ಧೈರ್ಯ ಬರಲಿಲ್ಲ.

ಹೆಡ್ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ನಿಂತೇ ಹೇಳಿದೆ. ಅವರು ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡರು.

"ಇದನ್ನು ನನಗೆ ಹೇಳಬೇಕೆಂದು ನಿಮಗೇ ಅನ್ನಿಸಿತೋ, ವಕೀಲರು ಹೇಳಿಸಿದರೋ?"

"ವಕೀಲರು ಹೇಳಿಸಿದ್ದು."

"ಅದನ್ನೂ ಬರೆಯುತ್ತೇನೆ," ಎಂದರು. ಬರೆದೂಬಿಟ್ಟರು. ಬಾಗಿಲ ತನಕ ಬಂದು, ಅಪರಾಧಿ ಎಂದು ದಾಖಲಾಗದಿದ್ದರೆ ನಿಮ್ಮ ಕ್ಲಾಸು ನಿಮ್ಮದೇ, ನೋಂದಣಿಯವರಿಗೆ ನೀವೇ ತಿಳಿಸಬೇಕು. ದಾಖಲಾದರೆ ಆಮೇಲೆ ನನ್ನ ಕೈಯಲ್ಲಿಲ್ಲ ಎಂದರು.

ಎರಡನೆಯದಕ್ಕೆ ಅಂಕಲ್ ಮನೆಗೆ ಹೋದೆ. ಆಂಟಿ ಉಪ್ಪಿಟ್ಟು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಅಂಕಲ್ ಚಮಚ ತಟ್ಟೆಯಲ್ಲೇ ಬಿಟ್ಟರು.

"ಯಾಕ್ ಹೇಳಿದ್ರಿ ಇದನ್ನೆಲ್ಲ?"

"ಹೇಳದೆ ಬರೆಸಿಕೊಳ್ಳೋ ಹಾಗಿಲ್ಲ ಅಂಕಲ್."

"ಅಲ್ರೀ, ಹೇಳದೆ ಇದ್ದಿದ್ರೆ ಆರಾಮಾಗಿ ಬರ್ಕೊಡ್ತಿದ್ದೆ. ಹೋದ ಸಲ ಹಾಕ್ಲಿಲ್ವಾ ಸಹಿ? ಈಗ ಗೊತ್ತಾದ್ಮೇಲೆ ಹೆಂಗ್ ಹಾಕೋದು?"

"ಗೊತ್ತಿಲ್ದೆ ಹಾಕಿದ್ದಕ್ಕೇ ನೋಡಿ ಅವರ ಗತಿ," ಎಂದರು ಆಂಟಿ ಅಡುಗೆಮನೆಯಿಂದ. ಅಂಕಲ್ ನನಗೆ ಉಪ್ಪಿಟ್ಟನ್ನು ಇನ್ನೊಂದು ಸಲ ಬಡಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಎರಡನೆಯ ಪತ್ರವನ್ನು ಕೊನೆಗೆ ಶಾಲೆಯಲ್ಲಿ ನನ್ನ ಪಕ್ಕದ ಮೇಜಿನ ವಿಜ್ಞಾನದ ಅಧ್ಯಾಪಕರು ಬರೆದರು, ಒಂದೂವರೆ ಪುಟ, ಮುಖ್ಯವಾಗಿ ನಾನು ಸಮಯಕ್ಕೆ ಸರಿಯಾಗಿ ಬರುವುದರ ಬಗ್ಗೆ.

ಮೂರನೆಯದು ಟ್ಯಾಕ್ಸಿಯ ಗೆಳೆಯನದು. ಅಂಚೆಯಲ್ಲಿ ಒಂದು ಪ್ರತಿ ನನಗೂ ಬಂತು. ಗೆರೆ ಹಾಕಿದ ಕಾಗದ, ಸರಳ ಇಂಗ್ಲಿಷ್. ಇವರನ್ನು ನಾನು ಬಲ್ಲುದು ಮೂರು ವರ್ಷವೂ ಅಲ್ಲ, ಎರಡು ವರ್ಷ ಎಂಟು ತಿಂಗಳು ಎಂದು ಶುರು. ಇವರು ಸುಳ್ಳು ಪ್ರಮಾಣ ಮಾಡಿದ್ದು ನನಗೆ ಇವರೇ ಹೇಳಿ ಗೊತ್ತು. ಇವರಿಗೆ ಮಾತು ಜಾಸ್ತಿ. ಯಾರಿಗೂ ಇಲ್ಲ ಎನ್ನಲು ಇವರಿಗೆ ಬರುವುದಿಲ್ಲ. ಅದು ಒಳ್ಳೆಯ ಗುಣ ಎಂದು ನಾನು ಹೇಳುತ್ತಿಲ್ಲ. ನನ್ನ ತಾಯಿ ತೀರಿಹೋದಾಗ ಊರಿಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಆ ದಿನ ಇವರು ಎರಡು ಬಸ್ಸು ಬದಲಿಸಿ ನನ್ನ ಮನೆಗೆ ಬಂದು ಸಂಜೆಯವರೆಗೆ ಪಕ್ಕದಲ್ಲಿ ಕೂತಿದ್ದರು. ಅವತ್ತು ಒಂದು ಮಾತೂ ಆಡಲಿಲ್ಲ. ಇಷ್ಟು ನಾನು ಕಂಡದ್ದು.

ಎರಡು ಸಲ ಓದಿದೆ. ಹೆಂಡತಿಗೆ ತೋರಿಸಿ, "ಇದು ನನ್ನನ್ನ ಮುಳುಗಿಸುತ್ತೆ" ಎಂದೆ.

"ಸುಳ್ಳೇನಿದೆ ಇದರಲ್ಲಿ?" ಎಂದಳು.

ಕೋರ್ಟಿನ ದಿನ ಬ್ಯಾರಿಸ್ಟರು ಚಕ್ರದ ಪೆಟ್ಟಿಗೆ ಎಳೆದುಕೊಂಡು ಬಂದರು. ತಲೆಗೆ ಬಿಳಿ ಗುಂಗುರು ಕೂದಲಿನ ಟೋಪಿ ಇರುತ್ತದೆಂದು ನಾನು ಊರಿಗೆಲ್ಲ ಹೇಳಿಕೊಳ್ಳುವವನಿದ್ದೆ. ಈ ಕೋರ್ಟಿನಲ್ಲಿ ಅದಿಲ್ಲವಂತೆ. ಸ್ವಲ್ಪ ನಿರಾಸೆಯಾಯಿತು. ಆದರೆ ಒಳಗೆ ಹೋಗುವವರು, ಬರುವವರು ಎಲ್ಲರೂ ಬಾಗಿಲಲ್ಲಿ ನಿಂತು ನ್ಯಾಯಪೀಠದ ಕಡೆ ತಲೆಬಾಗುವುದನ್ನು ನೋಡಿ ಸಮಾಧಾನವಾಯಿತು. ನಾನು ಕೈಮುಗಿದೆ, ಅಭ್ಯಾಸಬಲದಿಂದ. ಯಾರೂ ತಪ್ಪು ತಿಳಿಯಲಿಲ್ಲ.

ಖಂಡದ ಪರವಾಗಿ ನೆಗಡಿಯಾಗಿದ್ದ ಒಬ್ಬ ಸಣಕಲ ವಕೀಲ ಎದ್ದು ನಿಂತು, ನಾನು ಮಾಡಿದ್ದನ್ನು ಒಂದು ಮಾತೂ ಹೆಚ್ಚಿಸದೆ ಹೇಳಿ ಕುಳಿತ. ಆಮೇಲೆ ನಮ್ಮ ಬ್ಯಾರಿಸ್ಟರು ಎದ್ದರು. ಒಂಬತ್ತು ನಿಮಿಷ, ಗೋಡೆಯ ಗಡಿಯಾರ ನೋಡಿಕೊಂಡಿದ್ದೇನೆ. ನಾನು ಒಳ್ಳೆಯವನೆಂದು ಅವರು ಒಮ್ಮೆಯೂ ಹೇಳಲಿಲ್ಲ. ಪ್ರಮಾಣ ಸುಳ್ಳು, ಒಪ್ಪಿಕೊಂಡಿದ್ದಾರೆ ಎಂದರು. ಮದುವೆ ನಿಜ, ಇದರಿಂದ ಯಾರೂ ಮೋಸ ಹೋಗಲಿಲ್ಲ, ಇವರಿಗೆ ಬಿಡಿಗಾಸೂ ಸಿಗಲಿಲ್ಲ ಎಂದರು. ದಾಖಲಾದರೆ ಇವರು ಮತ್ತೆ ಪಾಠ ಮಾಡಲಾರರು ಎಂದರು. ನನ್ನ ಹನ್ನೆರಡು ನಿಮಿಷದ ಪದ್ಧತಿಯ ಪುರಾಣವನ್ನು ಎರಡು ವಾಕ್ಯಕ್ಕೆ ಇಳಿಸಿದ್ದರು, ಮತ್ತು ಆ ಎರಡು ವಾಕ್ಯ ಕೇಳಿದಾಗ ನಾನು ಮಾಡಿದ್ದೇನೆಂದು ನನಗೇ ಮೊದಲ ಸಲ ಸರಿಯಾಗಿ ಅರ್ಥವಾಯಿತು. ಹೊಗಳಿಕೆಯಿಲ್ಲದೆ ಒಬ್ಬ ಮನುಷ್ಯನನ್ನು ಹೀಗೆ ಕಾಪಾಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆರಗಿನಿಂದ ಬಾಯಿ ತೆರೆದು ಕುಳಿತಿದ್ದೆನೆಂದು ಕಾಣುತ್ತದೆ. ಸಾಲಿಸಿಟರ್ ಮೆಲ್ಲಗೆ ಮೊಣಕೈ ತಾಗಿಸಿದರು.

ಕೊನೆಗೆ ಗೆರೆ ಹಾಕಿದ ಕಾಗದವನ್ನು ಮುಂದಕ್ಕೆ ಕಳಿಸಿದರು. ಮ್ಯಾಜಿಸ್ಟ್ರೇಟರು ನರೆತ ಗಡ್ಡದವರು. ಕನ್ನಡಕ ಸರಿಮಾಡಿಕೊಂಡು ಓದಿದರು, ಪುಟ ತಿರುಗಿಸಿದರು, ಮತ್ತೆ ಮೊದಲಿಗೆ ಬಂದರು. ಆ ಹೊತ್ತು ಕೋಣೆಯಲ್ಲಿ ಎದುರು ವಕೀಲನ ಮೂಗಿನದೊಂದೇ ಸದ್ದು.

"ಇದನ್ನು ಬರೆದವರು ಇಲ್ಲಿದ್ದಾರೆಯೇ?"

ಹಿಂದಿನ ಬೆಂಚಿನಿಂದ ಗೆಳೆಯ ಎದ್ದು ನಿಂತ. ಟ್ಯಾಕ್ಸಿಯನ್ನು ಎಲ್ಲೋ ನಿಲ್ಲಿಸಿ ಬಂದಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಮ್ಯಾಜಿಸ್ಟ್ರೇಟರು ಅವನನ್ನು ನೋಡಿ, ಕೂತುಕೊಳ್ಳಿ, ಥ್ಯಾಂಕ್ಸ್ ಎಂದರು. ಆಮೇಲೆ ನನ್ನನ್ನು ನಿಲ್ಲಿಸಿ, ಆಪಾದನೆ ಸಾಬೀತಾಗಿದೆ, ಇದು ಸಣ್ಣ ವಿಷಯವಲ್ಲ, ಈ ದೇಶ ಜನರ ಮಾತನ್ನು ನಂಬಿ ನಡೆಯುತ್ತದೆ ಎಂದರು. ಆದರೂ, ಅಪರಾಧಿ ಎಂದು ದಾಖಲಿಸುವುದಿಲ್ಲ, ಹದಿನೆಂಟು ತಿಂಗಳು ಸನ್ನಡತೆಯಿಂದ ಇರತಕ್ಕದ್ದು ಎಂದರು. ಬ್ಯಾರಿಸ್ಟರು ತಲೆಬಾಗಿ ಪೆಟ್ಟಿಗೆಯ ಜಿಪ್ಪು ಎಳೆದರು.

ಹೊರಗೆ ಅವರು ನನ್ನ ಕೈ ಕುಲುಕಿ, ನೋಂದಣಿ ಕಚೇರಿಗೆ ಇವತ್ತೇ ಪತ್ರ ಬರೆಯಿರಿ, ನೀವೇ ಬರೆಯಿರಿ ಎಂದು ಹೇಳಿ ಇನ್ನೊಂದು ಕೋಣೆಯ ಕಡೆ ನಡೆದರು. ಅವರಿಗೆ ಇನ್ನೊಬ್ಬ ಕಾಯುತ್ತಿದ್ದ. ಗೆಳೆಯನನ್ನು ಹುಡುಕಿದೆ.

"ಮುಳುಗಿಸ್ತೀಯ ಅಂದ್ಕೊಂಡಿದ್ದೆ ಮಾರಾಯ," ಎಂದೆ.

"ಮುಳುಗುದಿದ್ರೆ ಮುಳುಗ್ತಿದ್ರಿ ಮಾಸ್ಟ್ರೆ. ನಾನು ಎಂತ ಮಾಡ್ಲಿಕ್ಕುಂಟು?" ಎಂದ. ಪಾರ್ಕಿಂಗ್ ಟೈಮು ಮುಗಿಯಿತೆಂದು ಓಡಿದ.

ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಹೇಗೆ ಶುರುಮಾಡುವುದೆಂದು ತಿಳಿಯದೆ, ತಪ್ಪು ಹೌದು ಅಂದ್ರು, ಆದ್ರೆ ಬರ್ಕೊಳ್ಳೋದಿಲ್ಲ ಅಂದ್ರು, ಅಂತ ಏನೇನೋ ಹೇಳಿದೆ.

"ಅದೆಲ್ಲ ಆಮೇಲೆ ಹೇಳಿ ರೀ," ಎಂದಳು. "ನಾಳೆ ಸ್ಕೂಲಿಗೆ ಹೋಗಬಹುದಾ?"

"ಹೋಗಬಹುದು."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಷರ್ಟು ಒಂದೂ ಇಸ್ತ್ರಿ ಆಗಿಲ್ಲ," ಎಂದಳು. "ಸಾ‌ಯಂಕಾಲದ ಫ್ಲೈಟೇ ಹಿಡೀರಿ."